ನಗುವ ಕಾದಂಬರಿಗಾಗಿ: ನಾಲ್ಕು ತಾಲ್ಲೂಕುಗಳ ಪ್ರಣಾಳಿಕೆ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಬರೆಯುವವರೂ ಓದುವವರೂ ಒಟ್ಟುಗೂಡಿ ಇದನ್ನು ಹೊರಡಿಸುತ್ತಿದ್ದೇವೆ. ಅಧಿಕಾರವನ್ನು ನಗುನಗುತ್ತಲೇ ಬೀದಿಗೆಳೆಯುವ ಕಾದಂಬರಿ ಈ ನೆಲದಿಂದ ಬರಬೇಕು.

ಈ ಸೀಮೆ ಕನ್ನಡಕ್ಕೆ ಕೊಟ್ಟದ್ದು ಕಡಿಮೆಯಲ್ಲ. ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಇಲ್ಲಿಯವರೇ. ಭಕ್ತಿ, ಒಲವು, ಹದವಾದ ನಗೆ ಅವರಿಂದ ಬಂದವು. ಜಾತ್ರೆಯ ಗದ್ದಲದ ನಗೆ ಮಾತ್ರ ತೊಗಲುಗೊಂಬೆಯ ಪರದೆಯಲ್ಲೇ ಉಳಿದುಹೋಯಿತು.

ಆ ಪರದೆಯನ್ನು ಹತ್ತಿರ ಕೂತು ನೋಡಬೇಕು. ರಾಮಾಯಣ ನಡೆಯುತ್ತಿರುವಾಗಲೇ ನಗಿಸುವ ಗೊಂಬೆ ಕಿಲ್ಲೇಕ್ಯಾತ ನುಗ್ಗುತ್ತಾನೆ: ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು. ಬೆನ್ನಿಗೇ ಹೆಂಡತಿ ಬಂಗಾರಕ್ಕ. ಇಬ್ಬರೂ ಬೈದಾಡುತ್ತಾರೆ, ಪೋಲಿ ಮಾತಾಡುತ್ತಾರೆ, ಊರಿನ ಗುಟ್ಟು ರಟ್ಟು ಮಾಡುತ್ತಾರೆ. ಜನ ಬಿದ್ದು ಬಿದ್ದು ನಕ್ಕ ಮೇಲೆ ಕಥೆ ಮುಂದೆ ಸಾಗುತ್ತದೆ. ರಾಮನನ್ನು ಆಡಿಸಿದ ಕೈಯೇ ಕಿಲ್ಲೇಕ್ಯಾತನನ್ನೂ ಆಡಿಸುತ್ತದೆ. ಅದರಿಂದ ಯಾರ ಭಕ್ತಿಗೂ ಕುಂದು ಬಂದಿಲ್ಲ. ಮೂಡಲಪಾಯ ಯಕ್ಷಗಾನದ ಹಾಸ್ಯಗಾರ ಹನುಮನಾಯಕನಿಗೂ ಇದೇ ಸಲಿಗೆ. ರಷ್ಯಾದ ವಿಮರ್ಶಕ ಬಖ್ತಿನ್ ಫ್ರಾನ್ಸಿನ ರಾಬೆಲೆಯ ಬರಹದಲ್ಲಿ ಗುರುತಿಸಿದ ಉತ್ಸವದ ನಗೆ ನಮ್ಮ ಊರುಗಳಲ್ಲಿ ದೀಪದ ಬೆಳಕಿನಲ್ಲಿ ಕುಣಿಯುತ್ತಿತ್ತು.

ಕನ್ನಡ ಕಾದಂಬರಿಗೆ ಈ ದಾರಿ ಹೊಸದಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಆಡುಮಾತಿಗೇ ಕಥೆ ಹೇಳುವ ಹಕ್ಕು ಕೊಟ್ಟಿತು; ಅಲ್ಲಿ ದೀಪದ ಜೀವಗಳಾದ ಜೋತಮ್ಮಂದಿರು ಕೂಡಿ ಸುಖದುಃಖ ಮಾತಾಡುತ್ತಾರೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಕೆಸರೂರೆಂಬ ಊರಿನ ಜಾತಿ, ರಾಜಕೀಯ, ಏಲಕ್ಕಿಯ ಗೊಂದಲವನ್ನೆಲ್ಲ ಬಯಲಿಗಿಟ್ಟಿತು.

ನಮಗೂ ಸರಕಿನ ಬರವಿಲ್ಲ. ಚುನಾವಣೆಯ ಬಾಡೂಟ, ಕಬ್ಬಿನ ಬಾಕಿ, ನಾಲೆ ನೀರಿನ ಜಗಳ, ಮಳೆಗೆ ಬಾಯಿಬಿಟ್ಟ ನಾಗಮಂಗಲದ ಹೊಲ ಎಲ್ಲವೂ ಕಾದಿವೆ.

ಬಡವರನ್ನು, ಹೆಂಗಸರನ್ನು, ಜಾತಿ ಹಿಡಿದು ಯಾರನ್ನೂ ನಾವು ಗೇಲಿ ಮಾಡುವುದಿಲ್ಲ. ಅಂಥ ನಗೆ ಹೇಡಿಗಳದು. ಮಂಡ್ಯದ ಮಾತು ಆಳುಮಕ್ಕಳ ಸಂಭಾಷಣೆಗಷ್ಟೇ ಮೀಸಲಾಗದೆ ಇಡೀ ಕಥೆಯನ್ನು ನಡೆಸಲಿ. ಬರೆದ ಅಧ್ಯಾಯಗಳನ್ನು ಬೇಬಿ ಬೆಟ್ಟದ, ಹೇಮಗಿರಿಯ ದನಗಳ ಜಾತ್ರೆಗಳಲ್ಲಿ ಗಟ್ಟಿಯಾಗಿ ಓದುತ್ತೇವೆ. ಜನ ನಗದಿದ್ದರೆ ತಿದ್ದುತ್ತೇವೆ. ಗೊಂಬೆಯಾಟದ ಮನೆತನಗಳವರನ್ನು ಗುರುಗಳೆಂದು ಕರೆದು, ತಕ್ಕ ಸಂಭಾವನೆ ಕೊಟ್ಟು ಕಲಿಯುತ್ತೇವೆ.

ಬರೆಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಒಂದೊಂದು ಅಧ್ಯಾಯ ಹಿಡಿದು ಬನ್ನಿ. ಊರಿನವರಿಗೆ ಹೆದರಿ ಹೊಡೆದುಹಾಕಿದ ಸಾಲುಗಳಿದ್ದರೆ ಅವನ್ನೂ ಮತ್ತೆ ಸೇರಿಸಿಕೊಂಡು ಬನ್ನಿ.