ನೀರು ಕಾಯುವುದೂ ಕಾಯಕವೇ



ಕಳೆದ ಬೇಸಿಗೆಯಲ್ಲಿ ಹಿರಿಯ ರೈತರೊಬ್ಬರು ಮಠಕ್ಕೆ ಬಂದಿದ್ದರು. ತೆಂಗಿನಕಾಯಿ, ಊದಿನಕಡ್ಡಿ ಇಟ್ಟು ನಮಸ್ಕರಿಸಿ, 'ಅಜ್ಜಾರ, ಮೂರು ಬೋರ್ ಒಣಗಿ ಹೋದುವ್ರಿ. ನಾಕನೇದು ಹಾಕಿಸಾಕತ್ತೀನಿ. ಇದಕ್ಕಾದರೂ ನೀರು ಬೀಳಲಿ ಅಂತ ಆಶೀರ್ವಾದ ಮಾಡ್ರಿ' ಎಂದರು.

'ನಿಮ್ಮ ತಂದೆಯವರ ಕಾಲದ ಬಾವಿ ಏನಾಯಿತು?' ಎಂದು ಕೇಳಿದೆವು. 'ಅದು ಬತ್ತಿ ಇಪ್ಪತ್ತು ವರ್ಷ ಆತ್ರಿ, ಕಸ ತುಂಬೇತಿ' ಎಂದರು. 'ಊರ ಕೆರೆ?' 'ಅದಕ್ಕ ನೀರು ಬರೂದಿಲ್ರಿ, ಕಾಲುವಿ ಮುಚ್ಚಿ ಹೋಗೇತಿ.' 'ಯಾರು ಮುಚ್ಚಿದರು?' ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ತಲೆ ತಗ್ಗಿಸಿ, 'ಒಂದು ತುಂಡು ನಮ್ಮ ಹೊಲದಾಗೂ ಐತ್ರಿ' ಎಂದರು.

ಇದು ಒಬ್ಬರ ಕಥೆಯಲ್ಲ, ಈ ನಾಡಿನ ಬಹುತೇಕ ಊರುಗಳ ಕಥೆ. ನೀರಿಲ್ಲವೆಂದರೆ ನಾವು ದೇವರನ್ನು ಬೇಡುತ್ತೇವೆ, ಸರ್ಕಾರವನ್ನು ಬೈಯುತ್ತೇವೆ. ದೇವರು ಕೊಟ್ಟ ಮಳೆಯನ್ನು ನಾವೇನು ಮಾಡಿದೆವು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ಒಂದು ಎಕರೆ ಹೊಲದ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು ಬಿದ್ದಂತಾಯಿತು. ನಮ್ಮ ಬಯಲು ಸೀಮೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿದರೂ ಎಕರೆಗೆ 24 ಲಕ್ಷ ಲೀಟರ್ ಆಯಿತು. ಶಿವನು ಜಿಪುಣನಲ್ಲ. ಅವನು ಕೊಟ್ಟದ್ದನ್ನು ಹಿಡಿದಿಡುವ ಬೊಗಸೆ ನಮ್ಮದು ಒಡೆದಿದೆ.

ಆ ಬೊಗಸೆ ಯಾವುದು? ಮೇಲೆ ಗುಡ್ಡ, ಕೆಳಗೆ ಹಳ್ಳ, ಹಳ್ಳಕ್ಕೊಂದು ಕೆರೆ, ಕೆರೆಯ ಕೆಳಗೆ ಬಾವಿ. ಹಿರಿಯರು ಕಟ್ಟಿದ ವ್ಯವಸ್ಥೆ ಇಷ್ಟೇ. ಗುಡ್ಡದ ಹುಲ್ಲು, ಕುರುಚಲು ಗಿಡಗಳು ಮಳೆಯ ಓಟವನ್ನು ತಡೆದು ನೀರನ್ನು ನೆಲಕ್ಕೆ ಇಂಗಿಸುತ್ತವೆ. ಇಂಗಿದ ನೀರು ಕಲ್ಲಿನ ಬಿರುಕುಗಳಲ್ಲಿ ನಿಂತು ಬೇಸಿಗೆಯಲ್ಲಿ ಬಾವಿಗೆ ಬರುತ್ತದೆ. ಗುಡ್ಡ ಬೋಳಾದರೆ ನೀರು ನಿಲ್ಲದು. ನೀರಿನ ಜೊತೆ ಮಣ್ಣೂ ಹೋಗುತ್ತದೆ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಮೊದಲಿನ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಅಲ್ಲಿ ತುಂಬಿರುವ ಹೂಳು ಬೇರೆಯವರದಲ್ಲ, ನಮ್ಮ ಗುಡ್ಡಗಳ, ನಮ್ಮ ಹೊಲಗಳ ಮೇಲ್ಮಣ್ಣು.

ಇಂಥ ಒಂದು ಗುಡ್ಡವನ್ನು ಜನರೇ ನಿಂತು ಉಳಿಸಿಕೊಂಡ ಸಂಗತಿಯನ್ನು ಇಲ್ಲಿ ನೆನೆಯಬೇಕು. ಅದು ಗದಗ ಸೀಮೆಯ ಕಪ್ಪತಗುಡ್ಡ. ಗದಗ ನಗರದ ಸಮೀಪದಿಂದ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಮೂಲಕ ತುಂಗಭದ್ರೆಯ ದಂಡೆಯತ್ತ ಚಾಚಿಕೊಂಡ ಸಾಲು ಅದು. ಔಷಧಿ ಸಸ್ಯಗಳಿಗೆ ಹೆಸರಾದದ್ದು. ಅದರ ಒಡಲಲ್ಲಿ ಚಿನ್ನವಿದೆ, ಕಬ್ಬಿಣದ ಅದಿರಿದೆ. ಚಿನ್ನವಿರುವುದೇ ಗುಡ್ಡಕ್ಕೆ ಮುಳುವಾಯಿತು. ಗುಡ್ಡದ ಮೇಲಿನ ಗಿಡಕ್ಕೆ ಬೆಲೆ ಕಟ್ಟಲು ಯಾರೂ ಬರಲಿಲ್ಲ, ಅಡಿಯ ಕಲ್ಲಿಗೆ ಬೆಲೆ ಕಟ್ಟಲು ಹಲವರು ಬಂದರು.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಭಾಗದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗಾಗಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ಸ್ವಾಧೀನದ ಪ್ರಯತ್ನ ನಡೆಯಿತು. ರೈತರು ಎದ್ದು ನಿಂತರು. ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. ಅದೇ ವರ್ಷದ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು.

ಮುಂದೆ 2015ರ ಡಿಸೆಂಬರ್‌ನಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರಲ್ಲಿ, ಅದೇ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಜನ ಸುಮ್ಮನಿರಲಿಲ್ಲ. 2017ರ ಫೆಬ್ರವರಿಯಲ್ಲಿ ಗದುಗಿನಲ್ಲಿ ತೋಂಟದ ಶ್ರೀಗಳ ನೇತೃತ್ವದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಎಸ್.ಆರ್. ಹಿರೇಮಠ, ಮೇಧಾ ಪಾಟ್ಕರ್ ಅಂಥವರು ಬಂದು ಕುಳಿತರು. ಗುಡ್ಡದ ಮಡಿಲಲ್ಲೇ ಇದ್ದು ಅದರ ಸಸ್ಯಗಳ ಪರವಾಗಿ ಮಾತನಾಡುತ್ತ ಬಂದ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳ ದನಿ ಜೊತೆಗಿತ್ತು. ಆದರೆ ಹೆಸರಿದ್ದವರಿಂದ ಮಾತ್ರ ಚಳವಳಿ ಆಗುವುದಿಲ್ಲ. ಹೊಲದ ಕೆಲಸ ಬಿಟ್ಟು ಬಂದ ರೈತರು, ಹೆಣ್ಣುಮಕ್ಕಳು, ವಿದ್ಯಾರ್ಥಿಗಳು, ಊರಿನ ಸಾಮಾನ್ಯ ಜನ ಅದರ ಬಲ. 2017ರ ಏಪ್ರಿಲ್‌ನಲ್ಲಿ ಸಂರಕ್ಷಿತ ಸ್ಥಾನ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ಕಾಣುವ ಮುನ್ನವೇ, 2018ರ ಅಕ್ಟೋಬರ್‌ನಲ್ಲಿ, ತೋಂಟದ ಶ್ರೀಗಳು ಲಿಂಗೈಕ್ಯರಾಗಿದ್ದರು. ಗಿಡ ನೆಟ್ಟವನೇ ನೆರಳಲ್ಲಿ ಕೂಡಬೇಕೆಂಬ ನಿಯಮವಿಲ್ಲ.

'ಮಠದವರಿಗೆ ಗುಡ್ಡದ ಗೊಡವೆ ಏಕೆ? ಪೂಜೆ, ಪುರಾಣ ನೋಡಿಕೊಂಡರೆ ಸಾಲದೇ?' ಎಂದು ಕೇಳುವವರಿದ್ದಾರೆ. ಅವರಿಗೆ ಸೊನ್ನಲಿಗೆಯ ಸಿದ್ಧರಾಮರ ಚರಿತ್ರೆಯನ್ನು ನೆನಪಿಸಬೇಕು. ಇಂದಿನ ಸೊಲ್ಲಾಪುರದಲ್ಲಿ ಜನರನ್ನು ಕೂಡಿಸಿ, ಮಣ್ಣು ಹೊತ್ತು ಕೆರೆ ಕಟ್ಟಿಸಿದ ಮಹಾಯೋಗಿ ಅವರು. ಅಲ್ಲಮಪ್ರಭುಗಳು ಬಂದು, ಹೊರಗಿನ ಕೆರೆಯ ಜೊತೆಗೆ ಒಳಗಿನ ಅರಿವನ್ನೂ ತೋಡಬೇಕೆಂದು ಎಚ್ಚರಿಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಆ ಕೆರೆ ಇಂದಿಗೂ ಇದೆ. ಕೆರೆ ತೋಡುವುದು ಧರ್ಮವಾದರೆ, ತೋಡಿದ ಕೆರೆಯನ್ನು ಕಾಯುವುದು ಹೇಗೆ ಅಧರ್ಮವಾದೀತು?

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. 'ಕಾರ್ಖಾನೆ ಬಂದರೆ ಹುಡುಗರಿಗೆ ನೌಕರಿ ಸಿಗುತ್ತಿತ್ತು, ಚಳವಳಿಯವರು ಕೆಡಿಸಿದರು' ಎನ್ನುವ ತಂದೆತಾಯಿಗಳಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಓದಿದ ಮಗ ಕಟ್ಟೆಯ ಮೇಲೆ ಕುಳಿತಿರುವ ಮನೆಗೆ ಗುಡ್ಡದ ಉಪದೇಶ ರುಚಿಸುವುದಿಲ್ಲ. ಉದ್ಯೋಗ ಬೇಕು, ಉದ್ದಿಮೆಯೂ ಬೇಕು. ಆದರೆ ಅದಿರು ಮುಗಿದ ದಿನ ಕಂಪನಿ ಹೋಗುತ್ತದೆ, ಬೋಳು ಗುಡ್ಡ ಮತ್ತು ಬತ್ತಿದ ಬಾವಿ ಊರಿನಲ್ಲೇ ಉಳಿಯುತ್ತವೆ. ಒಬ್ಬ ಮಗನ ಇಪ್ಪತ್ತು ವರ್ಷದ ಸಂಬಳಕ್ಕೆ ಹತ್ತು ತಲೆಮಾರಿನ ನೀರನ್ನು ಒತ್ತೆ ಇಡಬಹುದೇ? ಲೆಕ್ಕ ಹಾಕುವ ಹಕ್ಕು ಊರಿನವರದು. ಆ ಲೆಕ್ಕವನ್ನು ಅವರ ಬೆನ್ನ ಹಿಂದೆ ಹಾಕಬಾರದು ಎಂಬುದಷ್ಟೇ ಚಳವಳಿಯ ಸಾರ.

ಇದಕ್ಕೂ ಹಿಂದಿನ ಉದಾಹರಣೆ ಹಾನಗಲ್ ತಾಲ್ಲೂಕಿನ ಕುಸನೂರಿನದು. 1980ರ ದಶಕದಲ್ಲಿ ಸರ್ಕಾರವು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕೊಡಹೊರಟಿತು. ಊರ ದನ ಮೇಯುವ, ಬಡವರು ಸೌದೆ ಆರಿಸುವ ನೆಲ ಅದು. ಶಿವರಾಮ ಕಾರಂತರಂಥವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದು ಹೆಸರಾಯಿತು. 1991ರಲ್ಲಿ ಆ ಯೋಜನೆಯೇ ನಿಂತಿತು. ಅಲ್ಲಿ ಕಲಿಯಬೇಕಾದ ಪಾಠವೆಂದರೆ, ಕೀಳುವ ಕೈಯೇ ನೆಡಬೇಕು. ಬೇಡವೆನ್ನುವವನು ಬೇಕಾದದ್ದನ್ನು ಮಾಡಿ ತೋರಿಸಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳಕ್ಕೆ ಬರೋಣ. ಹೊರಗಿನ ಕಂಪನಿಯ ವಿರುದ್ಧ ಧರಣಿ ಕೂಡುವುದು ಕಷ್ಟವೇ, ಆದರೂ ಅಲ್ಲಿ ಎದುರಾಳಿ ದೂರದವನು. ಹಳ್ಳದ ಮರಳನ್ನು ರಾತ್ರಿ ಹೇರುವವನು ನಮ್ಮ ಬೀಗನಾಗಿರುತ್ತಾನೆ. ಕೆರೆಯಂಗಳವನ್ನು ಉಳುವವನು ಅಣ್ಣತಮ್ಮನಾಗಿರುತ್ತಾನೆ. ಬೇಸಿಗೆಯಲ್ಲಿ ಹೊಸ ಹುಲ್ಲು ಬರಲೆಂದು ಗುಡ್ಡಕ್ಕೆ ಬೆಂಕಿ ಇಡುವವನು ನಮ್ಮೂರಿನವನೇ. ಜಾತ್ರೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಮಾಲೆ ಹಾಕಿಸಿಕೊಂಡವರ ಹೊಲದಲ್ಲೇ ರಾಜಕಾಲುವೆ ಮಾಯವಾಗಿದ್ದರೆ, ಅವರಿಗೆ ಮಾಲೆ ಹಾಕಿದ ನಮಗೂ ಆ ಪಾಪದಲ್ಲಿ ಪಾಲಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆಲ್ಲ ಗೊತ್ತು. ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆ ತಾಯಿ ಸಂತೋಷಪಡಲಿಲ್ಲ. ಇಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಹೆಚ್ಚಾದ ಅಕ್ಕಿ ಇನ್ನೊಬ್ಬರದೆಂದು ಬಡವಿಯೊಬ್ಬಳಿಗೆ ತಿಳಿದಿತ್ತು. ಹೆಚ್ಚಾಗಿ ಎತ್ತಿದ ನೀರು ಇನ್ನೊಬ್ಬರದೆಂದು ಉಳ್ಳವರಾದ ನಮಗೆ ತಿಳಿಯದೇ?

ನೆಲದೊಳಗೆ ಬೇಲಿ ಇಲ್ಲ. ನಮ್ಮ ಕಲ್ಲು ನೆಲದ ಅಡಿಯಲ್ಲಿ ನದಿ ಹರಿಯುತ್ತಿಲ್ಲ, ಬಿರುಕುಗಳಲ್ಲಿ ನಿಂತ ಹಳೆಯ ಮಳೆನೀರು ಅಷ್ಟೇ ಇದೆ. ಉಳ್ಳವನು ಎಂಟುನೂರು ಅಡಿ ಕೊರೆಸಿದರೆ ಪಕ್ಕದ ಬಡವನ ಬಾವಿ ಬತ್ತುತ್ತದೆ. ಅದು ಕಳ್ಳತನವೆಂದು ಯಾವ ಠಾಣೆಯಲ್ಲೂ ಬರೆದುಕೊಳ್ಳುವುದಿಲ್ಲ, ಆದರೆ ಮೇಲಿನವನ ಪುಸ್ತಕದಲ್ಲಿ ಬರೆದಿರುತ್ತದೆ. ನೀರಿನ ಬರ ಮೊದಲು ತಟ್ಟುವುದು ಕೊಡ ಹೊತ್ತು ನಡೆಯುವ ಹೆಣ್ಣುಮಗಳಿಗೆ, ಭೂಮಿಯಿಲ್ಲದ ಕೂಲಿಯವನಿಗೆ, ನಳದ ಸಾಲಿನ ಕಟ್ಟಕಡೆಯ ಕೇರಿಗೆ. ಕೆರೆಯ ನೀರು ಮುಟ್ಟುವ ಹಕ್ಕಿಗಾಗಿಯೇ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಡಾ. ಅಂಬೇಡ್ಕರ್ ಅವರು ಸತ್ಯಾಗ್ರಹ ಮಾಡಬೇಕಾಯಿತು. ಕುಲದ ಭೇದವನ್ನು ಅಳಿಸಲು ಹೊರಟ ಶರಣರ ಹೆಸರು ಹೇಳುವ ಊರಿನಲ್ಲಿ ಕೊನೆಯ ಕೇರಿಗೆ ಕೊನೆಯ ನೀರು ಹೋದರೆ, ಅಲ್ಲಿ ದಾಸೋಹ ಎಂಬ ಮಾತಿಗೆ ಅರ್ಥವಿಲ್ಲ.

ಕಾಲವೂ ಮೊದಲಿನಂತಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿನಂಥ ಊರುಗಳು ನೀರಿನಲ್ಲಿ ನಿಂತವು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದೆಂದು ವಿಜ್ಞಾನಿಗಳು ಹೇಳುತ್ತಾರೆ. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಇಲ್ಲವಾದರೆ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಆಕಾಶದ ಬಿಸಿಯನ್ನು ಒಂದು ಊರು ಇಳಿಸಲಾರದು, ನಿಜ. ಆದರೆ ಒಮ್ಮೆಲೇ ಸುರಿದ ಮಳೆಯನ್ನು ಹಿಡಿಯುವ ಕೆರೆ ಇದ್ದರೆ ನೆರೆಯೂ ತಗ್ಗುತ್ತದೆ, ಬರವೂ ತಗ್ಗುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಊರ ಹಿರಿಯರು ಕೂಡಿ ಕೆರೆಯ ಗಡಿ ನೆನಪು ಮಾಡಿಕೊಳ್ಳಿ. ಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು ಎಂಬುದು ನಿಮ್ಮ ತಲೆಯಲ್ಲಿದೆ, ಮೊಮ್ಮಕ್ಕಳ ತಲೆಯಲ್ಲಿಲ್ಲ. ನೀವು ಹೋದರೆ ಆ ನಕ್ಷೆಯೂ ಹೋಗುತ್ತದೆ. ಸರ್ವೆ ನಕಾಶೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು. ಗ್ರಾಮಸಭೆಯಲ್ಲಿ ಮನೆ ಹಂಚಿಕೆಯ ದಿನ ಮಾತ್ರ ಕೂಡಬೇಡಿ, ಕೆರೆಯ ವಿಷಯಕ್ಕೂ ಕೂಡಿ, ಠರಾವು ಬರೆಸಿ. ಕಾಡು, ಕೆರೆ, ನದಿಗಳನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿಯೇ ಬರೆದಿದೆ. ಹವಾಮಾನ ಬದಲಾವಣೆಯ ಕೇಡಿನಿಂದ ಪಾರಾಗುವುದು ಜನರ ಹಕ್ಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಕೇಳುವ ಬಾಯಿ ಬೇಕು. ಕೇಳುವಾಗ ಕೈಯಲ್ಲಿ ಕಲ್ಲು ಬೇಡ, ಬಾಯಲ್ಲಿ ಬೈಗುಳ ಬೇಡ. ಕುಸನೂರಿನವರ ಹಾಗೆ ಕೈಯಲ್ಲಿ ಸಸಿ ಇರಲಿ.

ಆ ಹಿರಿಯರಿಗೆ ನಾವು ಬೋರಿನ ಆಶೀರ್ವಾದ ಕೊಡಲಿಲ್ಲ. ವಿಭೂತಿ ಕೊಟ್ಟು, 'ನಿಮ್ಮ ಹೊಲದಲ್ಲಿರುವ ಕಾಲುವೆಯ ತುಂಡನ್ನು ಮೊದಲು ಬಿಡಿಸಿರಿ, ಆ ದಿನ ಸಲಿಕೆ ಹಿಡಿಯಲು ನಾವೂ ಬರುತ್ತೇವೆ' ಎಂದೆವು. ಅವರು ಏನೂ ಹೇಳದೆ ನಮಸ್ಕರಿಸಿ ಹೋದರು. ಇನ್ನೂ ಮರಳಿ ಬಂದಿಲ್ಲ. ಮಗನನ್ನು ಒಪ್ಪಿಸುವುದು ಸುಲಭವಲ್ಲವೆಂದು ನಮಗೂ ಗೊತ್ತು. ಆದರೆ ಒಂದು ಹೊಲದಲ್ಲಿ ಕಾಲುವೆ ತೆರೆದರೆ ಪಕ್ಕದ ಹೊಲದವನಿಗೆ ನಾಚಿಕೆಯಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುವಂತೆ, ಒಂದೊಂದು ತುಂಡು ಕೂಡಿದರೆ ಕಾಲುವೆ. ಕೆರೆ ತುಂಬುವುದು ಹಾಗೆಯೇ.

ಮುಂಗಾರು ಬರುವ ಮೊದಲು ನಿಮ್ಮ ನಿಮ್ಮ ಹೊಲದ ಅಂಚನ್ನು ಒಮ್ಮೆ ನಡೆದು ನೋಡಿರಿ. ಅಲ್ಲಿ ಊರಿನ ನೀರಿನ ದಾರಿ ಇದ್ದರೆ ಬಿಟ್ಟುಕೊಡಿರಿ. ಅದಕ್ಕಿಂತ ದೊಡ್ಡ ಕಾಣಿಕೆಯನ್ನು ಯಾವ ಮಠವೂ ಬೇಡುವುದಿಲ್ಲ. ಊರ ಕೆರೆ ತುಂಬಲಿ, ಕೊನೆಯ ಕೇರಿಯ ಕೊಡವೂ ತುಂಬಲಿ, ಎಲ್ಲರಿಗೂ ಒಳಿತಾಗಲಿ.