ಆಟಕ್ಕೆ ಕೂಲಿ ಕೇಳಬಾರದೇ?

ಹಾಲೆಂಡಿನ ಉತ್ತರಕ್ಕೆ ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತವಿದೆ. ಹುಲ್ಲುಗಾವಲು, ಹಾಲು, ಕಾಲುವೆಗಳ ನಾಡು. ಅಲ್ಲಿಯವರ ಭಾಷೆಯೂ ಬೇರೆ. ಆ ಪ್ರಾಂತದ ಹೀರೆನ್‌ವೇನ್ ಎಂಬ ಊರಿನಲ್ಲಿ 1920ರ ನವೆಂಬರ್ 27ರಂದು ಹುಟ್ಟಿದ ಆಬೆ ಲೆನ್‌ಸ್ಟ್ರಾ ಎಂಬ ಕಾಲ್ಚೆಂಡು ಆಟಗಾರನನ್ನು ಜನರು ‘ಊಸ್ ಆಬೆ’, ಅಂದರೆ ‘ನಮ್ಮ ಆಬೆ’ ಎಂದೇ ಕರೆದರು. ಅವನನ್ನು ನೆನೆಯುವವರೆಲ್ಲ ಅವನ ಊರಭಿಮಾನವನ್ನು ಕೊಂಡಾಡುತ್ತಾರೆ. ನಾವು ಅವನ ಕೂಲಿಯ ಲೆಕ್ಕವನ್ನೂ ಕೇಳಬಯಸುತ್ತೇವೆ.

1954ರವರೆಗೆ ಹಾಲೆಂಡಿನಲ್ಲಿ ಕಾಲ್ಚೆಂಡಾಡಿ ಸಂಬಳ ಪಡೆಯುವುದಕ್ಕೆ ನಿಷೇಧವಿತ್ತು. ಆಟ ಪವಿತ್ರವಾದುದು, ಹಣ ತಾಕಿದರೆ ಮೈಲಿಗೆ ಎಂಬುದು ಕಾಲ್ಚೆಂಡು ಸಂಘದ ಹಿರಿಯರ ವಾದ. ಬಯಲಿನ ಸುತ್ತ ಸಾವಿರಾರು ಜನ ಕಾಸು ಕೊಟ್ಟು ನಿಂತಿದ್ದಾರೆ. ಟಿಕೆಟು ಹರಿದವನಿಗೆ ಕೂಲಿಯುಂಟು, ಚೆಂಡು ಹೊಲಿದವನಿಗೆ ಕೂಲಿಯುಂಟು, ಮರುದಿನ ಪತ್ರಿಕೆ ಮಾರಿದವನಿಗೂ ನಾಲ್ಕು ಕಾಸು ಉಂಟು. ಚೆಂಡು ಒದ್ದವನಿಗೆ ಮಾತ್ರ ಚಪ್ಪಾಳೆ! ಆ ಹಿರಿಯರಲ್ಲಿ ಪ್ರಾಮಾಣಿಕರೂ ಇದ್ದಿರಬಹುದು; ಹಣ ನುಗ್ಗಿದರೆ ಆಟ ವ್ಯಾಪಾರವಾದೀತೆಂಬ ಅವರ ಭಯ ಸುಳ್ಳಲ್ಲವೆಂದು ಇಂದಿನ ಕೋಟಿಗಳ ಹರಾಜನ್ನು ನೋಡಿದ ನಾವೂ ಬಲ್ಲೆವು. ಆದರೆ ಮನೆಯಲ್ಲಿ ಅನ್ನವಿದ್ದವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದರೆ ಅದನ್ನು ಧರ್ಮವೆನ್ನಲಾದೀತೇ?

ಲೆನ್‌ಸ್ಟ್ರಾ ತನ್ನ ಊರಿನ ಪೌರಸಭೆಯ ಕಚೇರಿಯಲ್ಲಿ ನೌಕರನಾಗಿದ್ದನು. ವಾರವೆಲ್ಲ ಕಾಗದಪತ್ರ, ಭಾನುವಾರ ಆಟ. 1940ರ ಮಾರ್ಚಿಯಲ್ಲಿ ರಾಷ್ಟ್ರತಂಡಕ್ಕೆ ಮೊದಲ ಸಲ ಆಡಿದನು. ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ನುಗ್ಗಿತು. ಆಟಗಾರನ ಅತ್ಯುತ್ತಮ ವರ್ಷಗಳು ಯುದ್ಧದಲ್ಲೇ ಕಳೆದವು. 1950ರ ಮೇ 7ರಂದು ಅವನ ಊರಿನ ತಂಡ ಆಮ್‌ಸ್ಟರ್‌ಡಾಮಿನ ಅಯಾಕ್ಸ್ ತಂಡದೆದುರು 1-5ರಿಂದ ಹಿಂದಿದ್ದು, ಕೊನೆಗೆ 6-5ರಿಂದ ಗೆದ್ದಿತು. ರಾಜಧಾನಿಯ ದೊಡ್ಡವರನ್ನು ಹಳ್ಳಿಗಾಡಿನವರು ಹೀಗೆ ಮಣಿಸಿದ ಕಥೆಯನ್ನು ಅಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳದಿದ್ದರೆ ಆಶ್ಚರ್ಯ. ಇಟಲಿಯಿಂದ ಕರೆ ಬಂತು, ಅವನು ಹೋಗಲಿಲ್ಲ.

ಹೋದವರ ಗತಿ ಏನಾಯಿತು? ರಾಟರ್‌ಡಾಮಿನ ಫಾಸ್ ವಿಲ್ಕೆಸ್ 1949ರಲ್ಲಿ ಮಿಲಾನಿನ ಇಂಟರ್ ತಂಡ ಸೇರಿ ಸಂಬಳ ಪಡೆದನೆಂದು ವರ್ಷಗಟ್ಟಲೆ ರಾಷ್ಟ್ರತಂಡದಿಂದ ಬಹಿಷ್ಕೃತನಾದನು. ಅವನಂತೆ ಹೊರನಾಡು ಸೇರಿದವರಿಗೆಲ್ಲ ಅದೇ ಶಿಕ್ಷೆ. 1953ರ ಫೆಬ್ರವರಿ 1ರಂದು ಸಮುದ್ರ ಉಕ್ಕಿ ಹಾಲೆಂಡಿನಲ್ಲಿ 1,836 ಮಂದಿ ಸತ್ತರು. ಆಗ ನೆರೆಯಲ್ಲಿ ನೊಂದವರಿಗಾಗಿ ಮಾರ್ಚ್ 12ರಂದು ಪ್ಯಾರಿಸಿನಲ್ಲಿ ಪಂದ್ಯ ಕಟ್ಟಿ, ಫ್ರಾನ್ಸಿನ ತಂಡವನ್ನು 2-1ರಿಂದ ಸೋಲಿಸಿದವರು ಈ ಬಹಿಷ್ಕೃತರೇ. ‘ಹಣದಾಸೆಯವರು’ ಎಂದು ತಾಯ್ನಾಡು ದೂರವಿಟ್ಟವರು ತಾಯ್ನಾಡಿಗಾಗಿ ಆಡಿದರು. ಜನರ ಕಣ್ಣು ತೆರೆಯಿತು. ಮರುವರ್ಷ ಸಂಬಳದ ಆಟಗಾರರ ಬೇರೆ ಸಂಘವೊಂದು ಎದ್ದಿತು. ನವೆಂಬರಿನೊಳಗೆ ಹಳೆಯ ಸಂಘ ಅದರೊಡನೆ ರಾಜಿಯಾಗಬೇಕಾಯಿತು.

ಆ 1954ರಲ್ಲೇ, 33ರ ವಯಸ್ಸಿನಲ್ಲಿ, ನಮ್ಮ ಆಬೆ ಹೀರೆನ್‌ವೇನನ್ನು ಬಿಟ್ಟು ಎನ್‌ಸ್ಖೆಡೆಯ ತಂಡ ಸೇರಿದನು. ಎನ್‌ಸ್ಖೆಡೆ ಬಟ್ಟೆ ಗಿರಣಿಗಳ ಊರು. ನಮ್ಮ ವಾಚಕರಿಗೆ ಆ ಊರಿನ ಬೆಳಗಿನ ಸದ್ದನ್ನು ವರ್ಣಿಸಬೇಕಾಗಿಲ್ಲ. ಊರಭಿಮಾನದ ಮೂರ್ತಿಯೆಂದು ಅವನನ್ನು ಪೂಜಿಸುವವರು ಈ ಮಾತನ್ನು ಮೆಲ್ಲಗೆ ದಾಟಿಬಿಡುತ್ತಾರೆ. ನಮಗೆ ಇದರಲ್ಲಿ ಯಾವ ಕಳಂಕವೂ ಕಾಣುವುದಿಲ್ಲ. ಊರನ್ನು ಪ್ರೀತಿಸಿದವನು ದುಡಿಮೆಯ ಬೆಲೆಯನ್ನೂ ಬಲ್ಲವನಾಗಿರಬಹುದು. ಪೌರಸಭೆಯ ಸಂಬಳವಿದ್ದುದರಿಂದ ಅವನು ಅಷ್ಟು ವರ್ಷ ಊರಲ್ಲಿ ಉಳಿಯಬಲ್ಲವನಾದನೆಂಬುದನ್ನೂ ಮರೆಯಬಾರದು. ಕೇಳದೆ ದುಡಿದವನನ್ನು ತೋರಿಸಿ ಕೇಳುವವನ ಬಾಯಿ ಮುಚ್ಚಿಸುವುದು ಮಾಲೀಕರ ಹಳೆಯ ವಿದ್ಯೆ. ಆಬೆಯ ಹೆಸರನ್ನು ಅದಕ್ಕೆ ಬಳಸುವುದು ಅವನಿಗೆ ಮಾಡುವ ಅನ್ಯಾಯ.

ಸಂಬಳ ಪಡೆದು ಆಟ ಕೆಟ್ಟಿತೇ? 1956ರ ಮಾರ್ಚ್ 14ರಂದು ಡುಸೆಲ್‌ಡಾರ್ಫಿನಲ್ಲಿ ವಿಶ್ವವಿಜೇತ ಪಶ್ಚಿಮ ಜರ್ಮನಿಯನ್ನು ಹಾಲೆಂಡ್ 2-1ರಿಂದ ಗೆದ್ದಿತು. ಎರಡು ಗೋಲುಗಳೂ 35ರ ಆಬೆಯವು. 1959ರಲ್ಲಿ, 38 ತುಂಬಿದ ಮೇಲೆ, ರಾಷ್ಟ್ರತಂಡಕ್ಕೆ ಕೊನೆಯ ಸಲ ಆಡಿದನು. ಒಟ್ಟು 47 ಪಂದ್ಯ, 33 ಗೋಲು. 1963ರವರೆಗೆ ಎನ್‌ಸ್ಖೆಡೆಯಲ್ಲೇ ಆಡುತ್ತಿದ್ದನು. 1965ರಲ್ಲಿ ಆ ಊರಿನ ಎರಡು ತಂಡಗಳು ಕೂಡಿ ಟ್ವೆಂಟೆ ಎಂಬ ತಂಡವಾಯಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು.

1977ರಲ್ಲಿ ಮೆದುಳಿನ ಆಘಾತವಾಗಿ ಆಬೆ ಗಾಲಿಕುರ್ಚಿ ಹಿಡಿದನು. ಹಾಲೆಂಡಿನ ಅತಿ ಚತುರ ಕಾಲುಗಳು ಎಂಟು ವರ್ಷ ಹಾಗೆ ಕುಳಿತವು. 1985ರ ಸೆಪ್ಟೆಂಬರ್ 2ರಂದು ಹುಟ್ಟೂರಿನಲ್ಲೇ ತೀರಿಕೊಂಡನು. 1994ರಲ್ಲಿ ಹೀರೆನ್‌ವೇನಿನಲ್ಲಿ ಹೊಸ ಕ್ರೀಡಾಂಗಣ ತೆರೆದಾಗ ಅದಕ್ಕೂ ಅವನ ಹೆಸರನ್ನೇ ಇಟ್ಟರು. ಅದರೊಳಗೆ ಊರಿನ ತಂಡಕ್ಕೆ ಆಡುವವರು ಕರಾರಿಗೆ ಸಹಿ ಹಾಕಿ, ತಿಂಗಳ ಸಂಬಳ ಎಣಿಸಿಕೊಂಡೇ ಬಯಲಿಗಿಳಿಯುತ್ತಾರೆ.