ಇನ್ನೊಂದು ಮೈಲಿ ಯಾರ ಸಲುವಾಗಿ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕೇರಿಗಳಿಂದ ಡಿಗ್ರಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಈಗ ವಿಮಾನ ಕಂಪನಿಗಳ ಸಂದರ್ಶನಕ್ಕೂ ಹೊರಟಿದ್ದಾರೆ. ಹೋಗಲಿ. ಮುಗಿಲು ಯಾರಪ್ಪನ ಆಸ್ತಿಯೂ ಅಲ್ಲ. ಅಲ್ಲಿ ಮೇಜಿನಾಚೆ ಕೂತವರು ಕೇಳುತ್ತಾರೆ: 'ಹಚ್ಚಿದ ಕೆಲಸಕ್ಕಿಂತ ಹೆಚ್ಚು ಮಾಡಿದ ಒಂದು ಪ್ರಸಂಗ ಹೇಳಿ.' ಇಂಗ್ಲಿಷಿನವರು ಇದಕ್ಕೆ 'ಎಕ್ಸ್‌ಟ್ರಾ ಮೈಲ್' ಅನ್ನುತ್ತಾರೆ. ನಮ್ಮವರು ತಡವರಿಸುತ್ತಾರೆ: 'ನಾವೇನ್ ದೊಡ್ಡದು ಮಾಡೀವ್ರಿ?'

ಏನು ಮಾಡಿಲ್ಲ ಎಂದು ನಾವು ಕೇಳುತ್ತೇವೆ.

ಈ ಮೈಲಿಯ ಹುಟ್ಟು ನೋಡಿರಿ. ಅದು ಬೈಬಲ್ಲಿನ ಮತ್ತಾಯನ ಸುವಾರ್ತೆಯಿಂದ ಬಂದದ್ದು. ರೋಮನ್ ಸಿಪಾಯಿ ದಾರಿಹೋಕನನ್ನು ಹಿಡಿದು ಒಂದು ಮೈಲಿ ತನ್ನ ಹೊರೆ ಹೊರಿಸಬಹುದಿತ್ತು. ಅಂಥವನ ಜೊತೆ ಎರಡು ಮೈಲಿ ಹೋಗು ಎಂದ ಏಸು. ಅಂದರೆ ಮೊದಲ ಮೈಲಿ ಬಿಟ್ಟಿ. ಎರಡನೆಯದು ಹೊರುವವನ ಸ್ವಂತ ಮನಸ್ಸು. ಕಂಪನಿಗಳು ಬಿಟ್ಟಿಯ ಮಾತು ಮರೆಸಿ ಮನಸ್ಸಿನ ಮಾತನ್ನಷ್ಟೇ ಉಳಿಸಿಕೊಂಡಿವೆ.

ಬಿಟ್ಟಿ ನಮಗೆ ಗೊತ್ತಿಲ್ಲವೇ? ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಧಣಿಗಳು ಬೇರೆ ಬೇರೆ, ಚಾಕರಿ ಒಂದೇ: ಸತ್ತ ದನ ಎಳೆ, ಹಲಗಿ ಬಾರಿಸು, ಸಾವಿನ ಸುದ್ದಿ ಹೊತ್ತು ಓಡು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ಮಸೂದೆ ತಂದದ್ದು ಇಂಥ ಹಗಲಿರುಳಿನ ಚಾಕರಿಯ ವಿರುದ್ಧ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತ ನಿರ್ಮೂಲನೆಯ ಕಾಯ್ದೆ ಬಂತು. ಕಾನೂನು ಮುರಿದ ನೊಗವನ್ನು ಸಂದರ್ಶನದ ಕೋಣೆಯಲ್ಲಿ ನಾವೇ ಹೊತ್ತು ತೋರಿಸಬೇಕೇ?

ಏರ್ ಇಂಡಿಯಾ ಸರಕಾರದ್ದಿದ್ದಾಗ ಅಲ್ಲಿ ಮೀಸಲಾತಿ ಇತ್ತು. 2022ರ ಜನವರಿಯಲ್ಲಿ ಅದು ಟಾಟಾ ಕೈಸೇರಿತು. ಖಾಸಗಿ ಕಂಪನಿಗೆ ಮೀಸಲಾತಿಯ ಕಟ್ಟಿಲ್ಲ. ಈಗ ನಮ್ಮ ಮಕ್ಕಳಿಗೆ ಇರುವ ಬಾಗಿಲು ಈ ಸಂದರ್ಶನವೊಂದೇ. ಆದ್ದರಿಂದ ಪ್ರಶ್ನೆ ಕಂಡು ಸಿಟ್ಟಾಗಿ ಎದ್ದು ಬರುವುದು ಬೇಡ. ಉತ್ತರ ಕೊಡೋಣ, ತಲೆ ಎತ್ತಿ ಕೊಡೋಣ.

'ಊಟ-ನಿದ್ದೆ ಬಿಟ್ಟು ದುಡಿದೆ, ಸಾಹೇಬರು ಹೇಳಿದ್ದಕ್ಕೆಲ್ಲ ಹೂಂ ಅಂದೆ' ಎನ್ನಬೇಡಿರಿ. ಅದು ಜೀತದ ಉತ್ತರ. ವಿಮಾನದಲ್ಲಂತೂ ಅದು ಅಪಾಯದ ಉತ್ತರ. ದಣಿದವನ ಕೈಯಲ್ಲಿ ನೂರಾರು ಜೀವ ಇರುತ್ತವೆಂದೇ ಪೈಲಟ್ಟರ ವಾರದ ವಿಶ್ರಾಂತಿಯನ್ನು 36 ತಾಸಿನಿಂದ 48 ತಾಸಿಗೆ ಏರಿಸಿದ್ದು. ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳದ ಇಂಡಿಗೊ 2025ರ ಡಿಸೆಂಬರದಲ್ಲಿ ಸಾವಿರಾರು ವಿಮಾನ ರದ್ದು ಮಾಡಿತು. ಆಗ ಸಡಿಲಾದದ್ದು ಏನು? ಕಂಪನಿಯ ಲಾಭವಲ್ಲ, ದುಡಿಯುವವರ ವಿಶ್ರಾಂತಿಯ ನಿಯಮ!

ಹಾಗಾದರೆ ಏನು ಹೇಳಬೇಕು? 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಊರಿಗೆ ನುಗ್ಗಿದಾಗ ಮುದುಕರನ್ನು ಹೊತ್ತು ದಾಟಿಸಿದವರು ನಿಮ್ಮಲ್ಲಿಲ್ಲವೇ? ಆಲಮಟ್ಟಿ ಹಿನ್ನೀರಿಗೆ ಹೊಲ ಕಳಕೊಂಡ ಬೀಳಗಿ ಕಡೆಯ ಹಿರಿಯರಿಗೆ ಅರ್ಜಿ ಬರೆದುಕೊಟ್ಟವರಿಲ್ಲವೇ? ಬನಹಟ್ಟಿಯಲ್ಲಿ ಪಕ್ಕದವರ ಮಗ್ಗದಾಗ ಹರಿದ ಎಳೆ ಕಂಡು ಗಂಟು ಹಾಕಿಕೊಟ್ಟವರಿಲ್ಲವೇ? ಅದನ್ನೇ ಹೇಳಿರಿ, ನಾಲ್ಕು ಮಾತಿನಲ್ಲಿ: ಏನಾಗಿತ್ತು, ನಿಮ್ಮ ಪಾಲಿನ ಕೆಲಸ ಯಾವುದು, ನೀವಾಗಿ ಏನು ಹೆಚ್ಚು ಮಾಡಿದಿರಿ, ಯಾರಿಗೆ ಏನು ಅನುಕೂಲ ಆಯ್ತು. ಸುಳ್ಳು ಬೇಡ. ನಡೆದದ್ದೇ ಸಾಕಷ್ಟಿದೆ.

ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ?' ಅಂದಾಗ ಅಂಜದೆ ಕೇಳಿರಿ: 'ಹೆಚ್ಚಿನ ತಾಸಿಗೆ ಪಗಾರ ಹೆಂಗ್ರಿ? ರಾತ್ರಿ ಪಾಳಿ ಮುಗದ ಮ್ಯಾಲೆ ವಿಶ್ರಾಂತಿ ಎಷ್ಟ್ರಿ?' ಇದು ಉದ್ಧಟತನವಲ್ಲ, ದುಡಿಯುವವರ ಹಕ್ಕು.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ವಾರಕ್ಕೊಂದು ಸಂಜೆ ಈ ಮಕ್ಕಳನ್ನು ಕೂಡಿಸಿ, ಅವರ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿರಿ. ಇದಕ್ಕೆ ಪಗಾರ ಇಲ್ಲ, ಯಾರ ಒತ್ತಾಯವೂ ಇಲ್ಲ. ನಮ್ಮವರ ಸಲುವಾಗಿ ನಾವಾಗಿ ನಡೆಯುವ ಎರಡನೇ ಮೈಲಿ ಇದು.